ಅಪ್ಪ-ಅಮ್ಮನ ಜೊತೆ ಯುರೋಪಿಗೆ: ಟ್ರಾವೆಲ್ ಇನ್ಶೂರೆನ್ಸ್ ಆರಿಸುವುದು ಹೇಗೆ, ಹೊರಡುವ ಮೊದಲು ಏನೇನು ಮಾಡಬೇಕು

"ಇನ್ಶೂರೆನ್ಸ್ ನಾನೇ ಹಾಕಿಸ್ತೀನಿ ಬಿಡಿ ಸರ್, ವೀಸಾಕ್ಕೆ ಒಂದು ಪೇಪರ್ ಅಷ್ಟೇ."

ಟ್ರಾವೆಲ್ ಏಜೆಂಟ್ ಹೀಗೆ ಹೇಳಿದಾಗ ಹೆಚ್ಚಿನವರು ಆಯ್ತು ಅಂದುಬಿಡುತ್ತಾರೆ. ನಾನೂ ಅಂದಿದ್ದೆ. ಅಪ್ಪನಿಗೆ 68, ಅಮ್ಮನಿಗೆ 62. ಪ್ಯಾರಿಸ್‌ನಲ್ಲಿ 3 ರಾತ್ರಿ, ಸ್ವಿಟ್ಜರ್ಲೆಂಡ್‌ನಲ್ಲಿ 5, ಇಟಲಿಯಲ್ಲಿ 3. ಏಜೆಂಟ್ ಕಳಿಸಿದ ಪಾಲಿಸಿಯನ್ನು ಒಂದು ರಾತ್ರಿ ಸುಮ್ನೆ ತೆರೆದು ಓದಿದೆ. ವೀಸಾಕ್ಕೆ ಅದು ಸಾಕಾಗಿತ್ತು. ಅಪ್ಪನಿಗೆ ಸಾಕಾಗುತ್ತಿರಲಿಲ್ಲ. ಬಿಪಿ, ಶುಗರ್ ಇರುವವರಿಗೆ ಅದರಲ್ಲಿ ಸಿಗುವುದು ತೀರಾ ಕಡಿಮೆ. ಅದನ್ನು ಬದಲಾಯಿಸಲು ಕೂತಾಗ ಕಲಿತದ್ದನ್ನು, ಆಮೇಲೆ ಪ್ಯಾರಿಸ್‌ನಲ್ಲಿ ಪೆಟ್ಟು ತಿಂದು ಕಲಿತದ್ದನ್ನು, ಕೆಲಸಗಳು ಬರುವ ಸಾಲಿನಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಷೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು) ಹೋಗುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದರೂ ಇನ್ಶೂರೆನ್ಸ್ ಭಾಗ ಯಾವ ದೇಶಕ್ಕೆ ಹೊರಟವರಿಗೂ ಹೊಂದುತ್ತದೆ.

1. ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ

ಟಿಕೆಟ್ ಬೆಲೆ ನೋಡುವ ಮೊದಲೇ ಎಲ್ಲರ ಪಾಸ್‌ಪೋರ್ಟ್ ಮೇಜಿನ ಮೇಲೆ ಬರಲಿ. ಷೆಂಗೆನ್ ವೀಸಾಕ್ಕೆ, ನೀವು ಅಲ್ಲಿಂದ ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಕೊಟ್ಟು 10 ವರ್ಷ ಮೀರಿರಬಾರದು. 2 ಪುಟ ಖಾಲಿ ಇರಬೇಕು.

ನಮ್ಮ ಕಡೆಯವರಿಗೆ ಇನ್ನೊಂದು ತಲೆನೋವಿದೆ. ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಇನಿಷಿಯಲ್ ಆಗಿ ಬೆಳೆದವರು ನಾವು. ಎಷ್ಟೋ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಟಿಕೆಟ್, ವೀಸಾ ಅರ್ಜಿ, ಇನ್ಶೂರೆನ್ಸ್ ಮೂರರಲ್ಲೂ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಬರಬೇಕು. ಆಧಾರ್‌ನಲ್ಲಿ ಇದ್ದ ಹಾಗೆ ಅಲ್ಲ. ದಾರಿಯಲ್ಲಿ ದುಬೈನಲ್ಲಿ ಇಳಿದು ಎರಡು ದಿನ ಸುತ್ತೋಣ ಅನ್ನುವ ಯೋಚನೆ ಇದ್ದರೆ ಇನ್ನೂ ಜಾಗ್ರತೆ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾ ಕೊಡುವುದನ್ನು ನಿಲ್ಲಿಸಿದೆ. ಹೆಸರು ಸರಿಪಡಿಸಿಕೊಳ್ಳುವುದಿದ್ದರೆ ಈಗಲೇ ಮಾಡಿ.

2. ದಿನ ಗೊತ್ತು ಮಾಡಿ, ವೀಸಾ ಯಾರನ್ನು ಕೇಳಬೇಕು ನೋಡಿ

ಷೆಂಗೆನ್‌ನಲ್ಲಿ ಈಗ 29 ದೇಶಗಳಿವೆ. ಇಂಗ್ಲೆಂಡ್, ಐರ್ಲೆಂಡ್ ಅದರಲ್ಲಿಲ್ಲ. ಯಾವ ದೇಶದಲ್ಲಿ ಜಾಸ್ತಿ ದಿನ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಾವು ಇಳಿದದ್ದು ಪ್ಯಾರಿಸ್‌ನಲ್ಲಿ, ಅರ್ಜಿ ಹಾಕಿದ್ದು ಸ್ವಿಟ್ಜರ್ಲೆಂಡ್‌ಗೆ.

ಅರ್ಜಿಯನ್ನು 6 ತಿಂಗಳು ಮೊದಲೇ ಹಾಕಬಹುದು. ಹೊರಡಲು ಕನಿಷ್ಠ 15 ದಿನ ಇರುವಾಗಲಾದರೂ ಹಾಕಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ದೊಡ್ಡವರಿಗೆ ಫೀಸು 90 ಯೂರೋ, ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ಬೇಸಿಗೆ ರಜೆ ಅಂದರೆ ಇಡೀ ಬೆಂಗಳೂರೇ ಹೊರಟಿರುತ್ತದೆ, ಸ್ಲಾಟ್ ಸಿಗುವುದೇ ಕಷ್ಟ. ಮೇ ತಿಂಗಳ ಪ್ರವಾಸಕ್ಕೆ ಜನವರಿಯಲ್ಲೇ ಸ್ಲಾಟ್ ಹುಡುಕಿ.

3. ಇನ್ಶೂರೆನ್ಸ್: ಮನೆಯ ಹಿರಿಯರ ಲೆಕ್ಕದಲ್ಲಿ ಓದಿ

ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ಷೆಂಗೆನ್ ನಿಯಮ ಕೇಳುವುದು ಕನಿಷ್ಠ 30,000 ಯೂರೋ ಕವರ್. ತುರ್ತು ಚಿಕಿತ್ಸೆ, ಆಸ್ಪತ್ರೆ ಖರ್ಚು, ಊರಿಗೆ ವಾಪಸ್ ಕರೆತರುವ ಖರ್ಚು, ಸಾವು ಸಂಭವಿಸಿದರೆ ಅದರ ಖರ್ಚು, ಇಷ್ಟು ಅದರಲ್ಲಿರಬೇಕು. ಷೆಂಗೆನ್‌ನ ಎಲ್ಲ ದೇಶಗಳಿಗೂ, ನೀವು ಇರುವ ಎಲ್ಲ ದಿನಗಳಿಗೂ ಅದು ನಡೆಯಬೇಕು. ವೀಸಾ ಅಧಿಕಾರಿ ನೋಡುವುದು ಇಷ್ಟೇ. ಅಪ್ಪನ ಬಿಪಿ ಮಾತ್ರೆ ವಿಷಯ ಅವರಿಗೆ ಬೇಕಿಲ್ಲ. ಅದು ನಿಮಗೆ ಬೇಕು.

ಆದ್ದರಿಂದ ಜಾಹೀರಾತಿನ ಪುಟ ಬಿಟ್ಟು 'ಪಾಲಿಸಿ ವರ್ಡಿಂಗ್ಸ್' ಎಂಬ ಪಿಡಿಎಫ್ ಇಳಿಸಿಕೊಳ್ಳಿ. ನಲವತ್ತು ಐವತ್ತು ಪುಟ ಇದ್ದರೂ ಹೆದರಬೇಡಿ. ಪೂರ್ತಿ ಓದುವ ಅಗತ್ಯವಿಲ್ಲ, ನಾಲ್ಕೈದು ಕಡೆ ಹುಡುಕಿದರೆ ಸಾಕು.

ಮೊದಲನೆಯದು 'ಪ್ರೀ-ಎಕ್ಸಿಸ್ಟಿಂಗ್ ಡಿಸೀಸ್', ಅಂದರೆ ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆ. ಸಾಧಾರಣ ಪಾಲಿಸಿಗಳಲ್ಲಿ ಇದಕ್ಕೆ ಏನೂ ಸಿಗುವುದಿಲ್ಲ. ಕೆಲವು, ಪ್ರಾಣಕ್ಕೇ ಅಪಾಯ ಅನ್ನುವಾಗ ಮಾತ್ರ, ಅದೂ ಒಂದು ಮಿತಿಯವರೆಗೆ ಕೊಡುತ್ತವೆ. ಸ್ವಲ್ಪ ಜಾಸ್ತಿ ಪ್ರೀಮಿಯಂ ತೆಗೆದುಕೊಂಡು ಇದನ್ನು ಸೇರಿಸಿಕೊಡುವ ಪಾಲಿಸಿಗಳೂ ಇವೆ. ಮನೆಯಲ್ಲಿ ಹಿರಿಯರಿದ್ದರೆ ಹುಡುಕಬೇಕಾದ್ದು ಇವನ್ನೇ.

ಹಾಗೆಯೇ ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಡಬೇಡಿ. ನಮ್ಮಮ್ಮ ಹೇಳುತ್ತಿದ್ದದ್ದು ಹೀಗೆ: "ನಂಗೆ ಶುಗರ್ ಎಲ್ಲಿದೆ? ಬಾರ್ಡರ್‌ನಲ್ಲಿದೆ ಅಷ್ಟೇ." ಬಾರ್ಡರ್ ಅನ್ನುವುದು ನಮ್ಮ ಮನೆಯ ಮಾತು. ದಿನಕ್ಕೊಂದು ಮಾತ್ರೆ ನುಂಗುತ್ತಿದ್ದರೆ ಕಂಪನಿಯ ಲೆಕ್ಕದಲ್ಲಿ ಅದು ಕಾಯಿಲೆಯೇ. ಕ್ಲೇಮ್ ಬಂದಾಗ ಅವರು ಇಲ್ಲಿನ ಡಾಕ್ಟರ ಹಳೆಯ ಚೀಟಿಗಳನ್ನೂ ಕೇಳುತ್ತಾರೆ. ಹೇಳದೇ ಬಿಟ್ಟದ್ದು ಆಗ ಹೊರಬಿದ್ದರೆ ಪೂರ್ತಿ ಕ್ಲೇಮ್ ಕೈತಪ್ಪಬಹುದು.

ಎರಡನೆಯದು 'ಸಬ್-ಲಿಮಿಟ್'. ಮುಖಪುಟದಲ್ಲಿ 50,000 ಡಾಲರ್ ಅಂತ ದಪ್ಪಕ್ಷರದಲ್ಲಿರುತ್ತದೆ. ಒಳಗೆ ಹೋದರೆ 60 ದಾಟಿದವರಿಗೆ ಬೇರೆಯೇ ಪಟ್ಟಿ: ದಿನಕ್ಕೆ ರೂಮಿಗೆ ಇಷ್ಟು, ಐಸಿಯುಗೆ ಇಷ್ಟು, ಸರ್ಜನ್‌ಗೆ ಇಷ್ಟು. ದೊಡ್ಡ ಮೊತ್ತದ ಪಾಲಿಸಿ ಕೊಂಡು ಒಳಗೆ ಹೀಗೆ ತುಂಡು ಮಾಡಿಸಿಕೊಳ್ಳುವುದಕ್ಕಿಂತ, ಸಬ್-ಲಿಮಿಟ್ ಇಲ್ಲದ ಸ್ವಲ್ಪ ಚಿಕ್ಕ ಪಾಲಿಸಿ ಮೇಲು ಅನ್ನುವುದು ನನ್ನ ಅಭಿಪ್ರಾಯ. ಯುರೋಪಿಗೆ ಹೋಗುವ ಹಿರಿಯರಿಗೆ ನಾನು 1 ಲಕ್ಷ ಡಾಲರ್‌ಗಿಂತ ಕಡಿಮೆ ಆರಿಸುವುದಿಲ್ಲ. ಅಮೆರಿಕಕ್ಕೆ ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರಿಗೆ ಇನ್ನೂ ಹೆಚ್ಚು ಬೇಕು, ಅಲ್ಲಿನ ಆಸ್ಪತ್ರೆ ಬಿಲ್ಲಿನ ರೀತಿಯೇ ಬೇರೆ. ಪಾಲಿಸಿಗಳಲ್ಲೂ 'ಅಮೆರಿಕ, ಕೆನಡಾ ಬಿಟ್ಟು' ಅಂತ ಪ್ರತ್ಯೇಕ ವಿಭಾಗ ಇರುವುದು ಅದಕ್ಕೇ.

ಮೂರನೆಯದು 'ಡಿಡಕ್ಟಿಬಲ್'. ಪ್ರತಿ ಕ್ಲೇಮಿನಲ್ಲೂ ಮೊದಲ ಇಷ್ಟು ಹಣ ನಿಮ್ಮದು ಎಂದರ್ಥ. ಎಷ್ಟೋ ಪಾಲಿಸಿಗಳಲ್ಲಿ ಇದು 100 ಡಾಲರ್. 80 ಡಾಲರ್ ಬಿಲ್ಲಾದರೆ ಅಷ್ಟೂ ನಿಮ್ಮ ಕೈಯಿಂದಲೇ. ಜ್ವರ, ನೆಗಡಿ ಎಲ್ಲ ಹೆಚ್ಚಾಗಿ ಇದರೊಳಗೇ ಮುಗಿದುಹೋಗುತ್ತದೆ.

ನಾಲ್ಕನೆಯದು 'ಎಕ್ಸ್‌ಕ್ಲೂಷನ್ಸ್', ಏನೇನಕ್ಕೆ ಕೊಡುವುದಿಲ್ಲ ಎನ್ನುವ ಪಟ್ಟಿ. ಕುಡಿದು ಬಿದ್ದರೆ ಸಿಗುವುದಿಲ್ಲ. ಸ್ವಿಟ್ಜರ್ಲೆಂಡ್‌ನ ಇಂಟರ್‌ಲಾಕನ್‌ಗೆ ಹೋದವರೆಲ್ಲ ಪ್ಯಾರಾಗ್ಲೈಡಿಂಗ್ ಮಾಡಲು ಹೊರಡುತ್ತಾರೆ. ಸಾಹಸ ಕ್ರೀಡೆಗೆ ಕವರ್ ಇದೆಯೋ ಇಲ್ಲವೋ ಹೋಗುವ ಮೊದಲೇ ನೋಡಿಕೊಳ್ಳಿ.

'ಟ್ರಿಪ್ ಕ್ಯಾನ್ಸಲೇಷನ್' ಬಗ್ಗೆ ಜನರಲ್ಲಿ ದೊಡ್ಡ ತಪ್ಪು ಕಲ್ಪನೆ ಇದೆ. ಮನಸ್ಸು ಬದಲಾದರೆ, ಆಫೀಸಿನಲ್ಲಿ ರಜೆ ಸಿಗದಿದ್ದರೆ ಹಣ ಬರುವುದಿಲ್ಲ. ಪಟ್ಟಿಯಲ್ಲಿ ಬರೆದ ಕಾರಣಗಳಿಗೆ ಮಾತ್ರ ಬರುತ್ತದೆ. ವೀಸಾ ತಿರಸ್ಕಾರವಾಗುವುದು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ವೀಸಾ ಸಿಗದೆ ಪ್ರವಾಸವೇ ನಿಂತರೆ, ತಿರಸ್ಕಾರದ ಪತ್ರ ತೋರಿಸಿ ಪಾಲಿಸಿ ರದ್ದು ಮಾಡಿಸಿ ಪ್ರೀಮಿಯಂ ವಾಪಸ್ ಪಡೆಯಲು ಹಲವು ಕಂಪನಿಗಳಲ್ಲಿ ಅವಕಾಶವಿದೆ. ಸ್ವಲ್ಪ ಕಡಿತ ಇರಬಹುದು.

ಎಲ್ಲಿ ಕೊಳ್ಳಬೇಕು? ಟಿಕೆಟ್ ಬುಕ್ ಮಾಡುವಾಗ ಕೆಳಗೆ ಒಂದು ಚಿಕ್ಕ ಚೌಕ ಬರುತ್ತದೆ, 'ಇನ್ಶೂರೆನ್ಸ್ ಸೇರಿಸಿ' ಅಂತ. ಕಣ್ಣುಮುಚ್ಚಿ ಒತ್ತಬೇಡಿ. ಕ್ರೆಡಿಟ್ ಕಾರ್ಡ್ ಜೊತೆ ಪುಕ್ಕಟೆ ಬರುವ ಇನ್ಶೂರೆನ್ಸ್‌ಗೆ ನೂರೆಂಟು ಷರತ್ತು. ಟಿಕೆಟ್ ಅದೇ ಕಾರ್ಡಿನಲ್ಲಿ ಕೊಂಡಿರಬೇಕು ಅನ್ನುವುದು ಅವುಗಳಲ್ಲಿ ಒಂದು. ಊರಿನಲ್ಲಿ ನಡೆಯುವ ಮೆಡಿಕ್ಲೇಮ್ ಸಾಮಾನ್ಯವಾಗಿ ಹೊರದೇಶದಲ್ಲಿ ನಡೆಯುವುದಿಲ್ಲ. ಏಜೆಂಟ್ ಹತ್ತಿರವೇ ಕೊಂಡರೂ ಪರವಾಗಿಲ್ಲ, ಪಾಲಿಸಿ ನೀವು ಆರಿಸಿದ್ದಾಗಿರಲಿ. ಮೂವರಿಗೂ ಒಂದೇ ಕಂಪನಿ ಆಗಬೇಕೆಂದೇನೂ ಇಲ್ಲ. ನಾನು ನನಗೊಂದು ಸಾಧಾರಣ ಪಾಲಿಸಿ ಕೊಂಡೆ. ಅವರಿಬ್ಬರಿಗೆ ಬೇರೆ ಕಂಪನಿಯದು, ಮೊದಲೇ ಇರುವ ಕಾಯಿಲೆಯ ತುರ್ತು ಚಿಕಿತ್ಸೆಗೂ ಕೊಡುವಂಥದ್ದು.

ತಾರೀಕು ಹಾಕುವಾಗ ಒಂದು ಎಚ್ಚರ. ಬೆಂಗಳೂರಿನಿಂದ ಎಷ್ಟೋ ವಿಮಾನಗಳು ಮಧ್ಯರಾತ್ರಿ ಕಳೆದು ಹೊರಡುತ್ತವೆ. 10ನೇ ತಾರೀಕು ರಾತ್ರಿ ಮನೆ ಬಿಡುತ್ತೀರಿ, ವಿಮಾನ 11ರ ಬೆಳಗಿನ ಜಾವ. ಪಾಲಿಸಿ 10ರಿಂದಲೇ ಶುರುವಾಗಲಿ. ಕೊನೆಗೂ ಎರಡು ದಿನ ಜಾಸ್ತಿ ಹಾಕಿ. ಇನ್ನು, ಭಾರತ ಬಿಡುವ ಮೊದಲೇ ಕೊಳ್ಳಬೇಕು. ಅಲ್ಲಿ ಹೋಗಿ ಕೊಳ್ಳೋಣ ಅಂದರೆ ಬಹಳಷ್ಟು ಕಂಪನಿಗಳು ಒಪ್ಪುವುದಿಲ್ಲ.

4. ಮಾತ್ರೆ, ಚೀಟಿ, ಡಾಕ್ಟರು

ಈಗ ಪ್ಯಾರಿಸ್ ಕತೆ. ವಿಮಾನ ಇಳಿದು ಬೆಲ್ಟ್ ಹತ್ತಿರ ನಿಂತೆವು. ಅಮ್ಮನ ಸೂಟ್‌ಕೇಸ್ ಬಂತು, ನನ್ನದು ಬಂತು, ಅಪ್ಪನದು ಬರಲಿಲ್ಲ. ಮಾತ್ರೆಗಳೆಲ್ಲ ಅದರಲ್ಲೇ ಇದ್ದವು. "ಕೈಲಿ ಭಾರ ಯಾಕೆ" ಅಂತ ಹಿಂದಿನ ರಾತ್ರಿ ಅಪ್ಪನೇ ಅದರೊಳಗೆ ಇಟ್ಟಿದ್ದರು. ನಾನು ನೋಡಿರಲಿಲ್ಲ, ತಪ್ಪು ನನ್ನದೇ.

ಮರುದಿನ ಬೆಳಿಗ್ಗೆ ಹಸಿರು ಶಿಲುಬೆ ಗುರುತಿನ ಔಷಧಿ ಅಂಗಡಿ ಹುಡುಕಿಕೊಂಡು ಹೋದೆವು. ನನ್ನ ಫೋನಿನಲ್ಲಿ ಮಾತ್ರೆಯ ಹೆಸರಿತ್ತು, ಆದರೆ ಅದು ನಮ್ಮ ಊರಿನ ಬ್ರ್ಯಾಂಡ್ ಹೆಸರು. ಅಂಗಡಿಯಾಕೆಗೆ ಅದು ಗೊತ್ತಿಲ್ಲ. ಮಾತ್ರೆಯ ಖಾಲಿ ಸ್ಟ್ರಿಪ್ ಒಂದು ಅಪ್ಪನ ಜೇಬಿನಲ್ಲಿ ಸಿಕ್ಕಿತು, ಅದರ ಮೇಲೆ ಸಣ್ಣಕ್ಷರದಲ್ಲಿ 'ಟೆಲ್ಮಿಸಾರ್ಟನ್' ಅಂತಿತ್ತು. ಅದನ್ನು ಓದಿದ ಕೂಡಲೇ ಆಕೆಯ ಮುಖ ಅರಳಿತು. ಆದರೂ ಅಲ್ಲಿನ ಡಾಕ್ಟರ ಚೀಟಿ ಬೇಕು ಅಂದರು. ಡಾಕ್ಟರ ಫೀಸು 30 ಯೂರೋ, ಮಾತ್ರೆ ಬೇರೆ.

ಅಲ್ಲಿಂದ ನಾನು ಕಲಿತದ್ದು ಇಷ್ಟು. ಪ್ರವಾಸದ ದಿನಗಳಿಗಿಂತ ಐದಾರು ದಿನ ಜಾಸ್ತಿ ಮಾತ್ರೆ ತೆಗೆದುಕೊಳ್ಳಿ. ಎರಡು ಪಾಲು ಮಾಡಿ ಇಬ್ಬರ ಕ್ಯಾಬಿನ್ ಬ್ಯಾಗಿನಲ್ಲಿಡಿ. ಡಬ್ಬಿಗೆ ಬಿಡಿಸಿ ಹಾಕದೆ ಸ್ಟ್ರಿಪ್‌ನಲ್ಲೇ ಇರಲಿ. ನಿಮ್ಮ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಳ್ಳಿ: ಕಾಯಿಲೆ ಏನು, ಮಾತ್ರೆಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು. ಬ್ರ್ಯಾಂಡ್ ಹೆಸರಷ್ಟೇ ಬರೆದರೆ ಪ್ರಯೋಜನವಿಲ್ಲ. ನೋವಿನ ಮಾತ್ರೆ, ಕೆಮ್ಮಿನ ಸಿರಪ್ ಒಯ್ಯುವವರು, ಅದರಲ್ಲೂ ಗಲ್ಫ್ ದಾರಿಯಲ್ಲಿ ಹೋಗುವವರು, ಟ್ರಮಡಾಲ್, ಕೊಡೀನ್ ಇವೆಯಾ ನೋಡಿಕೊಳ್ಳಿ. ಯುಎಇಯಲ್ಲಿ ಇವುಗಳ ಮೇಲೆ ಬಿಗಿ ನಿಯಂತ್ರಣವಿದೆ.

ಡಾಕ್ಟರ ಹತ್ತಿರ ಹೋದಾಗಲೇ ಎತ್ತರದ ವಿಷಯವನ್ನೂ ಕೇಳಿ. ಸ್ವಿಟ್ಜರ್ಲೆಂಡ್‌ನ ಯುಂಗ್‌ಫ್ರೌಯೋಖ್ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು ಒಂದೂವರೆ ಸಾವಿರ ಮೀಟರ್ ಮೇಲೆ. ಅಪ್ಪ ಅಲ್ಲಿ ನಿಧಾನವಾಗಿ ನಡೆದು, ಕೂತು, ಕಾಫಿ ಕುಡಿದು ಇಳಿದರು.

5. ಹಣ

ಸ್ವಿಟ್ಜರ್ಲೆಂಡ್‌ನಲ್ಲಿ ನಡೆಯುವುದು ಫ್ರಾಂಕ್, ಯೂರೋ ಅಲ್ಲ. ಫಾರೆಕ್ಸ್ ಕಾರ್ಡಿಗೆ, ಅಂದರೆ ವಿದೇಶಿ ಹಣ ಮೊದಲೇ ತುಂಬಿಸಿಕೊಂಡು ಹೋಗುವ ಕಾರ್ಡಿಗೆ, ಎರಡನ್ನೂ ತುಂಬಿಸಿ. ನೋಟಿನ ರೂಪದಲ್ಲಿ ಒಬ್ಬರು ಒಂದು ಪ್ರವಾಸಕ್ಕೆ 3,000 ಡಾಲರ್ ಬೆಲೆಯಷ್ಟು ಒಯ್ಯಬಹುದು, ಆದರೆ ಅಷ್ಟೆಲ್ಲ ಬೇಕಾಗುವುದಿಲ್ಲ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ 'ಇಂಟರ್‌ನ್ಯಾಷನಲ್ ಯೂಸೇಜ್' ಆನ್ ಮಾಡಿ. ಒಟಿಪಿ ಬರುವ ಸಿಮ್ ರೋಮಿಂಗ್‌ನಲ್ಲಿರಲಿ. ಅಂಗಡಿಯಲ್ಲಿ ಕಾರ್ಡ್ ಮೆಷಿನ್ "ರೂಪಾಯಿಯಲ್ಲಾ, ಯೂರೋದಲ್ಲಾ?" ಅಂತ ಕೇಳಿದರೆ ಯಾವಾಗಲೂ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ರೇಟು.

ಟೂರ್ ಪ್ಯಾಕೇಜ್ ಕೊಳ್ಳುವವರಿಗೆ ಬಿಲ್ಲಿನಲ್ಲಿ ಟಿಸಿಎಸ್, ಅಂದರೆ ಮಾರುವವರೇ ಮೊದಲು ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಸೇರುತ್ತದೆ. ಅದು ಯಾರ ಪಾನ್ ನಂಬರಿನಲ್ಲಿ ಕಟ್ಟಿದೆ ನೋಡಿಕೊಳ್ಳಿ. ಅವರೇ ಐಟಿ ರಿಟರ್ನ್ಸ್ ಹಾಕಿ ಅದನ್ನು ಹೊಂದಿಸಿಕೊಳ್ಳಬೇಕು ಅಥವಾ ವಾಪಸ್ ಪಡೆಯಬೇಕು.

6. ಸೂಟ್‌ಕೇಸ್ ಕಟ್ಟುವಾಗ

ನಮ್ಮವರ ಸೂಟ್‌ಕೇಸಿನಲ್ಲಿ ಅರ್ಧ ತಿಂಡಿಯೇ ಇರುತ್ತದೆ ಅಲ್ವಾ? ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ಇವಕ್ಕೆ ತೊಂದರೆಯಿಲ್ಲ. ಒಣಕೊಬ್ಬರಿ ಗಿಟುಕು ಇಡಬೇಡಿ, ಎಣ್ಣೆಯಿಂದಾಗಿ ಬೇಗ ಬೆಂಕಿ ಹಿಡಿಯುತ್ತದೆ ಅಂತ ವಿಮಾನದಲ್ಲಿ ಬಿಡುವುದಿಲ್ಲ. ಗಸಗಸೆಯನ್ನಂತೂ ಗಲ್ಫ್ ದೇಶಗಳ ದಾರಿಯಲ್ಲಿ ಹೋಗುವವರು ಮುಟ್ಟಲೇಬೇಡಿ. ನಮಗೆ ಪಾಯಸದ ಸಾಮಾನು, ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಿನವರೆಗೂ ಹೋಗಬಹುದು. ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪ, ಪೇಡ ಮನೆಯಲ್ಲೇ ಇರಲಿ. ಹಸಿ ಕರಿಬೇವು, ಮಾವಿನಹಣ್ಣೂ ಬೇಡ.

ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೆ. ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗಿಗೆ. ಪ್ರತಿಯೊಬ್ಬರ ಒಂದು ಜೊತೆ ಬಟ್ಟೆ ಇನ್ನೊಬ್ಬರ ಸೂಟ್‌ಕೇಸಿನಲ್ಲಿರಲಿ. ಬ್ಯಾಗುಗಳ ಫೋಟೋ ತೆಗೆದಿಡಿ.

ಅಪ್ಪ-ಅಮ್ಮನ ಜೇಬಿಗೆ, ಪರ್ಸಿಗೆ ಒಂದೊಂದು ಕಾರ್ಡ್ ಬರೆದುಕೊಡಿ. ಹೆಸರು, ರಕ್ತದ ಗುಂಪು, ಕಾಯಿಲೆ, ಅಲರ್ಜಿ, ಪಾಲಿಸಿ ನಂಬರ್, ಕಂಪನಿಯ ಸಹಾಯವಾಣಿ, ಹೋಟೆಲ್ ವಿಳಾಸ, ನಿಮ್ಮ ನಂಬರ್. ಮೆಟ್ರೋ ಬಾಗಿಲು ಮುಚ್ಚಿ ಒಬ್ಬರು ಒಳಗೆ, ಒಬ್ಬರು ಹೊರಗೆ ಉಳಿದಾಗ ಇದರ ಬೆಲೆ ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಟರ್ಮಿನಲ್ 2ರಿಂದ. ಮೂರು ಗಂಟೆ ಮೊದಲೇ ಅಲ್ಲಿರಿ. ನಡೆಯಲು ಕಷ್ಟವಿರುವ ಹಿರಿಯರಿಗೆ ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿ.

7. ಅಲ್ಲಿ ಏನಾದರೂ ಆದರೆ

ಷೆಂಗೆನ್‌ನಲ್ಲಿ 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಫೋಟೋ, ಬೆರಳಚ್ಚು ತೆಗೆಯುವ ಹೊಸ ವ್ಯವಸ್ಥೆ ಶುರುವಾಗಿದೆ. ಅದು ಪಾಸ್‌ಪೋರ್ಟ್ ಮೇಲಿನ ಮುದ್ರೆಯ ಜಾಗಕ್ಕೆ ಬಂದದ್ದು. ಕ್ಲೇಮ್ ಮಾಡುವಾಗ ಪ್ರಯಾಣದ ದಿನ ತೋರಿಸಬೇಕಾಗುತ್ತದೆ, ಆದ್ದರಿಂದ ಬೋರ್ಡಿಂಗ್ ಪಾಸ್ ಬಿಸಾಡಬೇಡಿ.

ಹುಷಾರು ತಪ್ಪಿದರೆ, ಜೀವಕ್ಕೆ ಅಪಾಯವಿದ್ದಾಗ ಮೊದಲು 112ಕ್ಕೆ ಫೋನ್ ಮಾಡಿ. ಯುರೋಪಿನಲ್ಲಿ ಎಲ್ಲ ಕಡೆ ನಡೆಯುತ್ತದೆ, ನಮ್ಮ ದೇಶದಲ್ಲೂ ಅದೇ ನಂಬರ್. ಅಷ್ಟು ತುರ್ತಿಲ್ಲದಿದ್ದರೆ ಆಸ್ಪತ್ರೆಗೆ ಹೋಗುವ ಮೊದಲೇ ಇನ್ಶೂರೆನ್ಸ್ ಸಹಾಯವಾಣಿಗೆ ಹೇಳಿ, ಕ್ಲೇಮ್ ನಂಬರ್ ಬರೆದುಕೊಳ್ಳಿ. ಅವರಿಗೆ ಹೇಳದೆ ಸೇರಿಕೊಂಡರೆ ಬಿಲ್ಲನ್ನು ಮೊದಲು ನೀವೇ ಕಟ್ಟಿ ಆಮೇಲೆ ಅಲೆಯಬೇಕಾದೀತು. ಟೋಲ್-ಫ್ರೀ ನಂಬರ್ ರೋಮಿಂಗ್‌ನಲ್ಲಿ ಸಿಗದೇ ಹೋಗಬಹುದು, ಮಾಮೂಲಿ ನಂಬರನ್ನೂ ಇಟ್ಟುಕೊಂಡಿರಿ.

ಬ್ಯಾಗ್ ಬರದಿದ್ದರೆ ವಿಮಾನ ನಿಲ್ದಾಣದಿಂದ ಹೊರಗೆ ಹೋಗಬೇಡಿ. ವಿಮಾನ ಕಂಪನಿಯ ಬ್ಯಾಗೇಜ್ ಕೌಂಟರ್‌ನಲ್ಲಿ ಪಿಐಆರ್ ಎಂಬ ದೂರು ಬರೆಸಿ, ಪ್ರತಿ ತೆಗೆದುಕೊಳ್ಳಿ. ಅದಿಲ್ಲದೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ ಬಂದ ದಿನದಿಂದ 21 ದಿನದೊಳಗೆ ವಿಮಾನ ಕಂಪನಿಗೆ ಬರಹದಲ್ಲಿ ದೂರು ಕೊಡಬೇಕು.

ಅಪ್ಪನ ಸೂಟ್‌ಕೇಸ್ ಎರಡು ದಿನದ ಮೇಲೆ ಹೋಟೆಲಿಗೆ ಬಂತು. ನಮ್ಮ ಪಾಲಿಸಿಯಲ್ಲಿ 12 ಗಂಟೆ ಮೀರಿದ ವಿಳಂಬಕ್ಕೆ ಅಗತ್ಯ ವಸ್ತುಗಳ ಖರ್ಚು ಕೊಡುವ ಮಾತಿತ್ತು. ಒಂದು ಸ್ವೆಟರ್, ಒಳಬಟ್ಟೆ, ಪೇಸ್ಟು, ಬ್ರಷ್ಷು ಇವುಗಳ ರಸೀದಿ ಇಟ್ಟುಕೊಂಡಿದ್ದೆ, ಅದು ಸಿಕ್ಕಿತು. ಡಾಕ್ಟರ ಫೀಸು ಸಿಗಲಿಲ್ಲ, ಡಿಡಕ್ಟಿಬಲ್ ಒಳಗೇ ಮುಗಿದಿತ್ತು. ದಿನನಿತ್ಯದ ಬಿಪಿ ಮಾತ್ರೆಯ ಹಣವೂ ಸಿಗಲಿಲ್ಲ, ಅದು ತುರ್ತು ಚಿಕಿತ್ಸೆಯಲ್ಲ. ಮೊದಲೇ ಓದಿದ್ದರಿಂದ ಬೇಜಾರಾಗಲಿಲ್ಲ. ಇನ್ನೊಂದು ವಿಷಯ, ವಾಪಸ್ ಬೆಂಗಳೂರಿಗೆ ಬರುವಾಗ ಬ್ಯಾಗ್ ತಡವಾದರೆ ಸಾಮಾನ್ಯವಾಗಿ ಈ ಹಣ ಬರುವುದಿಲ್ಲ.

8. ಊರಿಗೆ ಬಂದ ಮೇಲೆ ಕ್ಲೇಮ್

ತಡಮಾಡಬೇಡಿ, ಬಂದ ವಾರದಲ್ಲೇ ಕೂತು ಕಳಿಸಿಬಿಡಿ. ಕ್ಲೇಮ್ ಫಾರ್ಮ್, ಪಾಲಿಸಿ, ಪಾಸ್‌ಪೋರ್ಟ್ ಪುಟಗಳು, ಬೋರ್ಡಿಂಗ್ ಪಾಸ್, ಬಿಲ್ಲು, ಹಣ ಕಟ್ಟಿದ ರಸೀದಿ, ಆಸ್ಪತ್ರೆಯಾದರೆ ಡಿಸ್ಚಾರ್ಜ್ ಸಾರಾಂಶ, ಬ್ಯಾಗಾದರೆ ಪಿಐಆರ್, ರದ್ದು ಮಾಡಿದ ಚೆಕ್ಕು. ಬಿಲ್ಲು ಬೇರೆ, ರಸೀದಿ ಬೇರೆ, ಎರಡೂ ಕೇಳುತ್ತಾರೆ. ಎಲ್ಲವನ್ನೂ ಇಮೇಲ್‌ನಲ್ಲೇ ಕಳಿಸಿ, ಫೋನಿನಲ್ಲಿ ಮಾತಾಡಿದ್ದನ್ನೂ ಆಮೇಲೆ ಎರಡು ಸಾಲು ಬರೆದು ಕಳಿಸಿ.

ಕ್ಲೇಮ್ ತಳ್ಳಿಹಾಕಿದರೆ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ. ನಂತರ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಕರ 'ಬಿಮಾ ಭರೋಸಾ' ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ) ಹತ್ತಿರ ಹೋಗಬಹುದು. ಬೆಂಗಳೂರಿನಲ್ಲೇ ಕಚೇರಿ ಇದೆ. 50 ಲಕ್ಷ ರೂಪಾಯಿವರೆಗಿನ ವಿಷಯ ಅವರು ನೋಡುತ್ತಾರೆ, ಫೀಸು ಇಲ್ಲ. ಅಲ್ಲಿ ವಕೀಲರ ಮೂಲಕ ದೂರು ಕೊಡುವಂತಿಲ್ಲ, ನೀವೇ ಬರೆದು ನೀವೇ ಹೋಗಬೇಕು. ಅಪ್ಪ-ಅಮ್ಮನ ಹೆಸರಿನ ಪಾಲಿಸಿಯಾದರೆ ದೂರಿಗೆ ಸಹಿ ಅವರದೇ ಇರಬೇಕು.